ಕಟ್ಟಿಗೆಯನ್ನು ಕೆನ್ನೆಗೆ ಹಚ್ಚಿ ನೋಡುತ್ತಿದ್ದವರು

ಆ ಸಂಜೆ ಉಸ್ತಾದರು ತಮ್ಮ ಶಿಷ್ಯ ಭೀಮಶ್ಯಾ ಕೆತ್ತಿದ ಗಾಲಿಯ ನಡುವಿನ ಗುಂಬವನ್ನು ಕೆನ್ನೆಗೆ ಹಚ್ಚಿ ನೋಡಿದರೋ ಇಲ್ಲವೋ ನನಗೆ ಖಚಿತವಿಲ್ಲ. ನೋಡಿದರು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಅವರು ದಿನಾಲೂ ಯಾವುದಾದರೊಂದು ಕಟ್ಟಿಗೆಯನ್ನು ಹಾಗೆ ನೋಡುತ್ತಿದ್ದರು. ಬೇರೆ ಯಾವುದೋ ಸಂಜೆಯ ನೋಟವನ್ನು ತಂದು ನಾನು ಆ ಸಂಜೆಗೆ ಜೋಡಿಸಿರಬಹುದು. ಹೈದರಾಬಾದಿನಲ್ಲಿ ಇತಿಹಾಸ ಓದುವಾಗ ಸಾಕ್ಷಿ ಹೇಳುವವನನ್ನು ಹೇಗೆ ಅನುಮಾನಿಸಬೇಕೆಂದು ನಮಗೆ ಕಲಿಸಿದ್ದರು. ಸಾಕ್ಷಿ ಹೇಳುವವನು ನಾನೇ ಆದಾಗ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ.

ಅವರು ತೀರಿಕೊಂಡದ್ದು ಗೊತ್ತಾದದ್ದು ಯಾದಗಿರಿ ಸ್ಟೇಷನ್ನಿನ ಹತ್ತಿರದ ಒಂದು ಚಹಾದಂಗಡಿಯಲ್ಲಿ. ಬೇರೇನೋ ಮಾತಿನ ನಡುವೆ ಒಬ್ಬ ಇನ್ನೊಬ್ಬನಿಗೆ, "ಆ ಪೆಟಗಿ ಮಾಡೂ ಮುದುಕ ಹೋದ್ನಂತ" ಎಂದ.

"ಯಾವ ಮುದುಕ?" ಎಂದು ಕೇಳಿದೆ.

"ಅದೇರಿ, ಮಾತಿಗೊಮ್ಮೆ 'ಕುಂಡ್ರು, ದಣದೀದಿ' ಅಂತಿದ್ನಲ್ಲ, ಅಂವ."

ಹೆಸರು ಹೇಳುವ ಅಗತ್ಯ ಬೀಳಲಿಲ್ಲ. ಇಲ್ಲಿಯೂ ಹೇಳುವುದಿಲ್ಲ. ಅವರ ಕುಲದವರು ಇನ್ನೂ ಅವರ ಹುಟ್ಟೂರಲ್ಲಿದ್ದಾರೆ.

ನಿಜಾಮರ ಆಡಳಿತದ ಕೊನೆಯ ವರ್ಷಗಳು. ಹೊರಗೆ ಲಡಾಯಿ, ಎರಡನೆಯ ಮಹಾಯುದ್ಧ, ನಡೆದಿತ್ತು. ಹಗಲು ಕೂಲಿನಾಲಿ ಮಾಡುವ ದೊಡ್ಡವರಿಗೆ ಸಂಜೆ ಕೈಕೆಲಸ ಕಲಿಸಬೇಕೆಂದು ಸರ್ಕಾರ ಸುರಪುರದಲ್ಲಿ ಒಂದು ತರಗತಿ ತೆರೆಯಿತು. ಜಾಗ ಹಳೆಯ ಕುದುರೆ ಲಾಯ. ಕಲಿಸುತ್ತಿದ್ದದ್ದು ಬಡಿಗತನ. ನಾನು ಆಗಷ್ಟೇ ಓದು ಮುಗಿಸಿ ಬಂದು ಊರ ಮದರಸಾದಲ್ಲಿ, ಅಂದರೆ ಸರ್ಕಾರಿ ಶಾಲೆಯಲ್ಲಿ, ಮಾಸ್ತರಿಕೆ ಮಾಡುತ್ತಿದ್ದೆ. ಸಂಜೆ ಲಾಯಕ್ಕೆ ಹೋಗಿ ಅವರಿಗೆ ಅಳತೆಪಟ್ಟಿ ಓದುವುದು, ಸಹಿ ಮಾಡುವುದು ಕಲಿಸಬೇಕಾಗಿತ್ತು, ಅದೂ ಉರ್ದುವಿನಲ್ಲಿ. ಬಡಿಗತನ ಕಲಿಸುವವರು ಈಗ ತೀರಿಕೊಂಡ ಇವರು. ಎಲ್ಲರೂ ಉಸ್ತಾದ್ರು ಎನ್ನುತ್ತಿದ್ದರು. ಮೂಲತಃ ವನದುರ್ಗದ ಪಂಚಾಳರ, ಅಂದರೆ ಕುಲಕಸುಬಿನ ಬಡಿಗರ, ಮನೆಯವರು. ತರುಣರಿದ್ದಾಗ ಊರು ಬಿಟ್ಟು ರೈಲು ಡಬ್ಬಿ ದುರಸ್ತಿ ಮಾಡುವ ಕಾರ್ಖಾನೆಯಲ್ಲಿ ದುಡಿದು ಬಂದಿದ್ದರು. ಉರ್ದು ಎಂದರೆ ಅವರಿಗೆ ಬರುತ್ತಿದ್ದದ್ದು ಅಲ್ಲಿ ಕಲಿತ ಬೈಗುಳಗಳು ಮಾತ್ರ.

ಮೊದಲ ವಾರವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಮಾಸ್ತರ್ರ, ಇವ್ರು ಹಗಲೆಲ್ಲಾ ಮಣ್ಣ ಹೊತ್ತ ಬಂದಾರ. ಸಂಜಿಗಿ ಅಲಿಫ್ ಹೊರಸಬ್ಯಾಡ್ರಿ."

"ಸರ್ಕಾರದ ಹುಕುಂ ಅದರಿ."

"ಹುಕುಂ ನಿಮಗದ. ನಿದ್ದಿ ಅವರಿಗೆ ಬರಾಕತ್ತದ."

ನಿದ್ದೆಯ ಮಾತು ನಿಜ. ಆ ತರಗತಿಯ ಬಗ್ಗೆ ನನಗೆ ಅನುಮಾನವಿಲ್ಲದೆ ನೆನಪಿರುವುದು ದಣಿವು. ಹೊಲದಿಂದ, ಕೆರೆಯ ಒಡ್ಡಿನ ಕೆಲಸದಿಂದ, ಪೇಟೆಯ ಹಮಾಲಿಯಿಂದ ನೇರ ಬರುತ್ತಿದ್ದರು. ಗರಗಸ ಎಳೆಯುತ್ತ ಎಳೆಯುತ್ತ ಒಬ್ಬನ ತಲೆ ವಾಲಿದರೆ ಅದರ ಆ ತುದಿ ಹಿಡಿದವನು ಸುಮ್ಮನೆ ನಿಂತುಬಿಡುತ್ತಿದ್ದ. ಎಬ್ಬಿಸುತ್ತಿರಲಿಲ್ಲ, ಅವನಿಗೂ ಅದು ವಿಶ್ರಾಂತಿ. ಉಸ್ತಾದರು ನೋಡಿಯೂ ನೋಡದಂತೆ ಕೂತಿರುತ್ತಿದ್ದರು. ಹೊಸಬರು ಬಂದು ಉಳಿ ಎತ್ತಿಕೊಂಡರೆ ಮೊದಲು, "ಉಂಡಿಯೇನು?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಉಳಿ ಕಸಿದು, "ಉಂಡ ಬಾ. ಹಸದಾಂವ ಅವಸರ ಮಾಡ್ತಾನ. ಉಳಿಗಿ ಅವಸರ ತಿಳಿಯೂದಿಲ್ಲ, ಬೆರಳಿಗಿ ತಿಳೀತದ" ಎಂದು ಕಳಿಸುತ್ತಿದ್ದರು. ಕೆಲವರು ಉಣ್ಣಲು ಹೋದವರು ತಿರುಗಿ ಬರುತ್ತಿರಲಿಲ್ಲ.

ಸರ್ಕಾರದ ರಜೆ ಶುಕ್ರವಾರ. ಪಂಚಾಳರು ಅಮಾವಾಸ್ಯೆಯ ದಿನ ಹತ್ಯಾರ ಮುಟ್ಟುವುದಿಲ್ಲ. ಅಮಾವಾಸ್ಯೆ ಶುಕ್ರವಾರಕ್ಕೆ ಬರದಿದ್ದರೆ ಉಸ್ತಾದರು ಲಾಯಕ್ಕೆ ಬಂದು ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತುಬಿಡುತ್ತಿದ್ದರು. ಆ ದಿನ ಪಾಠವೆಲ್ಲ ಬಾಯಿಂದಲೇ. "ಎಡಕ್ಕ. ಇನ್ನೊಂದೀಟ ಎಡಕ್ಕ. ನಿನ್ನ ಎಡಕ್ಕಲ್ಲೋ, ಕಟಗೀದು." ಯಾರಾದರೂ ಬಾಚಿಯನ್ನು ಕೆಟ್ಟದಾಗಿ ಬೀಸಿದರೆ ಅವರ ಭುಜ ತಾನಾಗಿ ಮೇಲೇಳುತ್ತಿತ್ತು, ಕೈ ಮಾತ್ರ ತೊಡೆಯ ಕೆಳಗಿನಿಂದ ಹೊರಬರುತ್ತಿರಲಿಲ್ಲ. ಹುಡುಗಾಟಕ್ಕೆ ಭೀಮಶ್ಯಾ, "ಉಸ್ತಾದ್ರ, ಬೆನ್ನ ಮ್ಯಾಲ ನೊಣ ಕುಂತದ" ಎನ್ನುತ್ತಿದ್ದ.

"ಕುಂಡ್ರಲಿ. ಅದೂ ದಣದದ."

ಕುಲದವರು ಹೊರಗಿಟ್ಟ ಮೇಲೂ ಅವರು ಅಮಾವಾಸ್ಯೆ ಬಿಡಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ. "ಅವ್ರು ನನ್ನ ಬಿಟ್ಟಾರ್ರಿ, ನಾ ಅವ್ರನ್ನ ಎಲ್ಲಿ ಬಿಟ್ಟೀನಿ" ಎಂದರು. ಅಥವಾ ಇದೇ ಅರ್ಥದ ಬೇರೇನೋ ಹೇಳಿದರು. ಇಷ್ಟು ಚೊಕ್ಕವಾಗಿ ಹೇಳಿರಲಿಕ್ಕಿಲ್ಲ.

ಹೊರಗಿಟ್ಟ ಕಥೆ ಹೀಗೆ. ಅವರ ಮನೆತನಕ್ಕೆ ವನದುರ್ಗದಲ್ಲಿ ಬಡಿಗತನದ ಆಯವಿತ್ತು. ಊರ ಕುಂಟೆ, ಕೂರಿಗೆ, ಗಾಲಿ ಎಲ್ಲ ಅವರೇ ಮಾಡಿಕೊಡಬೇಕು. ಸುಗ್ಗಿಯಲ್ಲಿ ಪ್ರತಿ ಕಣದಲ್ಲಿ ಅವರ ಪಾಲಿನ ಜೋಳ ಅಳೆದು ಕೊಡುತ್ತಾರೆ. ಇವರು ಊರು ಬಿಟ್ಟಾಗ ಅಣ್ಣ ಆ ಆಯ ನಡೆಸುತ್ತಿದ್ದ. ಸುರಪುರದಲ್ಲಿ ತನ್ನ ತಮ್ಮನು ಅಂಬಿಗರಿಗೆ, ಹಮಾಲರಿಗೆ, ಕಂಡವರಿಗೆಲ್ಲ ಗಾಲಿ ಮಾಡಲು ಕಲಿಸುತ್ತಿದ್ದಾನೆಂದು ಕೇಳಿ ಆತ ಕುಲದ ಹಿರಿಯರನ್ನು ಕರೆದುಕೊಂಡು ಲಾಯಕ್ಕೆ ಬಂದ. ಆ ದಿನ ನಾನು ಅಲ್ಲಿದ್ದೆ. ಅಣ್ಣ ಒಳಗೆ ಬರಲಿಲ್ಲ, ಹೊಸ್ತಿಲ ಆಚೆ ನಿಂತೇ ಮಾತಾಡಿದ.

"ನಾಳಿ ಇವ್ರೆಲ್ಲಾ ಗಾಲಿ ಮಾಡಿದ್ರ ಕಣದಾಗ ನಮಗ ಯಾರು ಕಾಳ ಅಳೀತಾರ?"

"ಇವ್ರು ಕಣಕ್ಕ ಬರೂದಿಲ್ಲ ಅಣ್ಣ. ಪ್ಯಾಟ್ಯಾಗ ಮಾಡಿ ಮಾರ್ತಾರ."

"ಮಾರ್ತಾರ? ಗಾಲಿ ಮಾರೂ ಸಾಮಾನೇನೋ? ಕೂಸ ಹುಟ್ಟಿದ್ರ ತೊಟ್ಟಲಾ ಮಾಡಿಕೊಡ್ತೀವಿ, ಸತ್ರ ಚಟ್ಟಾ ಕಟ್ತೀವಿ. ಅದನ್ನೂ ಮಾರಾಕ ಕಲಿಸ್ತಿಯೇನು?"

ಒಳಗಿದ್ದವರು ಕೆಲಸ ನಿಲ್ಲಿಸಿದ್ದರು. ಅಣ್ಣ ಹೇಳಿದ್ದರಲ್ಲಿ ನ್ಯಾಯವಿಲ್ಲದಿರಲಿಲ್ಲ. ಆಗ ನನಗೆ ಹಾಗನ್ನಿಸಿರಲಿಲ್ಲ, ಈಗ ಅನ್ನಿಸುತ್ತದೆ. ಹಿರಿಯರಲ್ಲಿ ಒಬ್ಬರು ಕೊನೆಗೆ, "ಇದನ್ನ ಬಿಡು, ಒಳಗ ಬಾ. ಬಿಡಲಿಲ್ಲಂದ್ರ ನಮ್ಮ ನೀರು ಬೆಂಕಿ ನಿನಗಿಲ್ಲ" ಎಂದರು. ಉಸ್ತಾದರು ಲಾಯದೊಳಗಿನ ದಣಿದ ಮುಖಗಳ ಕಡೆ ನೋಡಿದರು. "ಇವ್ರು ಅರ್ಧಾ ಕಲತಾರ. ಅರ್ಧಕ್ಕ ಹ್ಯಾಂಗ ಬಿಡ್ಲಿ" ಎಂದಷ್ಟೇ ಹೇಳಿದರು. ಅವತ್ತಿನಿಂದ ಅವರಿಗೆ ಅಣ್ಣನ ಮನೆ ಮುಚ್ಚಿತು.

ಭೀಮಶ್ಯಾ ತಿಂಥಣಿಯ ಅಂಬಿಗರವನು. ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದ. ಒಂದು ಸಲ ಪ್ರವಾಹದಲ್ಲಿ ಹರಗೋಲು ಬಂಡೆಗೆ ಬಡಿದು ಅವನ ಭುಜ ಕಳಚಿತ್ತು. ಮತ್ತೆ ಕೂಡಿಸಿದರೂ ಹುಟ್ಟು ಹಾಕುವ ಬಲ ಬರಲಿಲ್ಲ. ಹೆಂಡತಿಯ ತವರು ಸುರಪುರ. ಅಲ್ಲಿ ಬಂದು ಮಾವನ ಮನೆಯಲ್ಲಿ ಉಳಿದು ಕೂಲಿಗೆ ಹೋಗುತ್ತಿದ್ದ. ಮನೆಯಳಿಯನಿಗೆ ಮಾವ ದಿನಾ ಉಣ್ಣುವಾಗ ಒಂದು ಮಾತು ಬಡಿಸುತ್ತಿದ್ದನಂತೆ. ಗಾಲಿ ಮಾಡುವುದು ಬಂದರೆ ಪೇಟೆಯಲ್ಲಿ ತನ್ನದೇ ಒಂದು ಚಪ್ಪರ ಹಾಕಿಕೊಂಡು ಬೇರೆ ಒಲೆ ಹೂಡುತ್ತೇನೆ ಎನ್ನುವುದು ಅವನ ಆಸೆ. ಎಲ್ಲರಿಗಿಂತ ಕಡಿಮೆ ತೂಕಡಿಸುತ್ತಿದ್ದವನು ಅವನೇ.

ಉಸ್ತಾದರು ಅವನ ಜೊತೆ ಸಲಿಗೆಯಿಂದಿದ್ದರು. ಅದಕ್ಕೆ ತಿಂಥಣಿಯೂ ಒಂದು ಕಾರಣ. ಅಲ್ಲಿಯ ಮೌನೇಶ್ವರ ಪಂಚಾಳರ ದೈವ. ಕುಲದವರ ಜೊತೆ ಅಲ್ಲಿಗೆ ಹೋಗುವಂತಿಲ್ಲದ ಮನುಷ್ಯ ಈ ಅಂಬಿಗನನ್ನು ಕೂಡಿಸಿಕೊಂಡು ಗುಡಿಯ ಸುದ್ದಿ ಕೇಳುತ್ತಿದ್ದರು. "ಬಾಗಲಾ ಹೊಸಾದ ಹಾಕ್ಯಾರೇನು? ಕೀಲ ಯಾರು ಬಡದಾರ?"

"ಗುಡಿಗಿ ಹೋದ್ರ ನಾ ದೇವ್ರನ್ನ ನೋಡ್ತೀನ್ರಿ, ಬಾಗಲಾ ಎಲ್ಲಿ ನೋಡ್ಲಿ."

"ಬಾಗಲಾ ನೋಡದಾಂವ ಬಡಿಗ ಹ್ಯಾಂಗ ಆಗ್ತೀಯೋ."

ವರ್ಷ ಕಳೆಯುವ ಹೊತ್ತಿಗೆ ತರಗತಿಯ ತಪಾಸಣೆಗೆ ಬರುವ ಸಾಹೇಬರು ಹೇಳಿ ಕಳಿಸಿದರು: ಮುಂದಿನ ಸಲ ಬಂದಾಗ ಕಲಿಯುವವರಲ್ಲಿ ಒಬ್ಬನಾದರೂ ಬಂಡಿಗೆ ಹಾಕುವಂಥ ಗಾಲಿ ಮಾಡಿ ತೋರಿಸಬೇಕು, ಇಲ್ಲವಾದರೆ ಲಾಯಕ್ಕೆ ಬೀಗ. ಮಂಜೂರಾದ ಕಟ್ಟಿಗೆ ಲಡಾಯಿಯ ನೆಪದಲ್ಲಿ ಬಂದೇ ಇರಲಿಲ್ಲ. ಉಸ್ತಾದರು ಎಲ್ಲರಿಗೂ, "ಹಳೇ ಒಣ ಜಾಲಿ ಎಲ್ಲಿ ಸಿಗತದ ಅಲ್ಲಿಂದ ತರ್ರಿ" ಎಂದರು. ತಂದವನು ಭೀಮಶ್ಯಾ ಒಬ್ಬನೇ. ತಿಂಥಣಿಯಿಂದ ಅವನ ತಮ್ಮಂದಿರು ಒಂದು ಬಂಡಿಯಲ್ಲಿ ಜಾಲಿಯ ದಿಮ್ಮಿಗಳನ್ನು ತಂದು ಹಾಕಿದರು. ಮೇಲೆಲ್ಲ ಬಿಸಿಲಿಗೆ ಬೂದಿ ಬಣ್ಣ ಬಂದಿತ್ತು. ನೋಡಲು ಹಳೆಯದೇ.

ಹೊಳೆಯ ಮಂದಿ ಕಟ್ಟಿಗೆಯನ್ನು ಕಾಪಾಡುವ ರೀತಿ ಬೇರೆ ಎಂದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಹರಗೋಲಿನ ಬಿದಿರಿಗೆ ಹುಳ ಹತ್ತಬಾರದೆಂದು ಅವರು ಅದನ್ನು ತಿಂಗಳುಗಟ್ಟಲೆ ಹೊಳೆಯ ಹಸಿ ಉಸುಕಿನಲ್ಲಿ ಹುಗಿದಿಡುತ್ತಾರೆ. ಮಗನ ಮೊದಲ ಗಾಲಿಗೆ ಒಳ್ಳೆಯದಾಗಲಿ ಎಂದು ಭೀಮಶ್ಯಾನ ತಾಯಿ ಜಾಲಿಯನ್ನೂ ಹಾಗೇ ಹುಗಿಸಿದ್ದಳು. ತೆಗೆದು ಕೆಲವು ದಿನ ಬಿಸಿಲಿಗೆ ಹಾಕಿ ಕಳಿಸಿದ್ದರು. ಹರಗೋಲು ನೀರಿನಲ್ಲೇ ಇರುವುದರಿಂದ ಅದಕ್ಕೆ ತೊಂದರೆಯಿಲ್ಲ. ಗಾಲಿ ಹಾಗಲ್ಲ. ಒಳಗೆ ನೀರು ಕುಡಿದು ಉಬ್ಬಿದ ಕಟ್ಟಿಗೆಯಲ್ಲಿ ಮಾಡಿದ ಗಾಲಿ ಮೊದಲಿಗೆ ಬಿಗಿಯಾಗಿಯೇ ಕೂಡುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗಿದಾಗ ಗುಂಬಕ್ಕೆ ಸಿಕ್ಕಿಸಿದ ಅರಗಳು ಸಡಿಲಾಗಿ ಸುತ್ತಿನ ಕಬ್ಬಿಣದ ಹಳಿ ಕಳಚಿ ಬೀಳುತ್ತದೆ.

ಈಗ ಆ ಸಂಜೆ. ಭೀಮಶ್ಯಾ ಗಾಲಿಯ ನಡುವಿನ ಗುಂಬ ಕೆತ್ತಿ ಮುಗಿಸಿ ಉಸ್ತಾದರ ಕೈಗೆ ಕೊಟ್ಟ. ಅವರು ಅದನ್ನು ತೂಗಿ ನೋಡಿದರು. ಜ್ವರ ಬಂದ ಕೂಸಿನ ಹಣೆಗೆ ತಾಯಿ ಕೆನ್ನೆ ಹಚ್ಚಿ ನೋಡುವಂತೆ ಹೊಸದಾಗಿ ಕೆತ್ತಿದ ಮೈಯನ್ನು ಕೆನ್ನೆಗೆ ಹಚ್ಚಿದರು. ಹಸಿ ಕಟ್ಟಿಗೆ ತಣ್ಣಗಿರುತ್ತದೆ ಎಂದು ಅವರೇ ಬೇರೆ ಯಾವಾಗಲೋ ಹೇಳಿಕೊಟ್ಟಿದ್ದರು. ಬಹಳ ಹೊತ್ತು ಹಚ್ಚಿಕೊಂಡಿದ್ದರು. ಆಮೇಲೆ ಗುಂಬವನ್ನು ಅವನ ಕೈಗೆ ತಿರುಗಿ ಕೊಟ್ಟು, "ಕುಂಡ್ರು, ದಣದೀದಿ" ಎಂದರು. ನಾನು ಕಂದೀಲಿನ ಬತ್ತಿ ಸರಿಮಾಡುತ್ತಿದ್ದೆ. ಹೀಗೆ ನನಗೆ ನೆನಪಿದೆ. ಪ್ರಮಾಣ ಮಾಡು ಎಂದರೆ ಮಾಡಲಾರೆ.

ಹಳಿ ಕಟ್ಟಿದ ದಿನ ಮಾತ್ರ ಎಲ್ಲರಿಗೂ ಎಚ್ಚರವಿತ್ತು. ಸಗಣಿ ಕುಳ್ಳಿನ ಬೆಂಕಿಯಲ್ಲಿ ಹಳಿ ಕೆಂಪಾಗಿ, ಕಮ್ಮಾರ ಅದನ್ನು ಇಕ್ಕಳದಿಂದ ಎತ್ತಿ ಗಾಲಿಯ ಮೇಲಿಟ್ಟು, ಎಲ್ಲರೂ ಕೊಡಗಟ್ಟಲೆ ನೀರು ಹೊಯ್ದರು. ಹೊಗೆ, ಉಗಿ, ಕೆಮ್ಮು. ಗಾಲಿ ಕಿರುಗುಟ್ಟಿ ಬಿಗಿಯಿತು. ಭೀಮಶ್ಯಾ ಸರಿಯಿದ್ದ ಕೈಯಿಂದ ಅದನ್ನು ನಿಲ್ಲಿಸಿ ಹಿಡಿದು, "ಹಿಡೀತಲ್ರಿ ಉಸ್ತಾದ್ರ" ಎಂದ. "ಹಿಡದದ" ಎಂದರು ಅವರು. "ಈಗ ಹಿಡದದ" ಎಂದರೇನೋ ಎಂದೂ ಅನ್ನಿಸುತ್ತದೆ. ಆ 'ಈಗ' ಅವರದೋ ನಾನು ಆಮೇಲೆ ಸೇರಿಸಿದ್ದೋ ಹೇಳಲಾರೆ.

ಸಾಹೇಬರು ಬಂದರು. ಗಾಲಿಯನ್ನು ಲಾಯದ ಅಂಗಳದಲ್ಲಿ ಉರುಳಿಸಿ ನೋಡಿದರು, ಬೆರಳ ಗೆಣ್ಣಿನಿಂದ ಬಡಿದರು, "ಶಾಬಾಸ್" ಎಂದರು. ತರಗತಿ ಉಳಿಯಿತು. ಯಾರೂ ಎಣಿಸದ ಒಂದು ಮಾತನ್ನು ಆಮೇಲೆ ಹೇಳಿದರು: ಇದನ್ನು ಯಾದಗಿರಿಗೆ ಒಯ್ದು ನಾಲ್ಕು ಜನಕ್ಕೆ ತೋರಿಸಿ, ಮುದನಾಳದಲ್ಲಿ ತಮಗೆ ಗುರುತಿನ ಒಕ್ಕಲಿಗನ ಬಂಡಿಗೆ ಹಾಕಿಸುತ್ತೇನೆ. ಭೀಮಶ್ಯಾನ ಮುಖ ಅರಳಿತು. ಉಸ್ತಾದರು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು. ಸುಮ್ಮನಿದ್ದರು. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಬಿಸಿಲು ಏರಿದ ದಿನಗಳಲ್ಲಿ ಮುದನಾಳದ ಹತ್ತಿರ, ತುಂಬಿದ ಬಂಡಿ ಇಳಿಜಾರಿನಲ್ಲಿ ಬರುವಾಗ ಹಳಿ ಕಳಚಿತು. ಅರಗಳು ಉದುರಿದವು. ಪಕ್ಕದಲ್ಲಿ ನಡೆಯುತ್ತಿದ್ದ ಒಕ್ಕಲಿಗನ ಮೇಲೆ ಬಂಡಿ ಮಗುಚಿ ಅವನ ಕಾಲು ಮೊಣಕಾಲಿನ ಕೆಳಗೆ ಪುಡಿಯಾಯಿತು. ಜೀವ ಉಳಿಯಿತು. ಅವನ ಅಣ್ಣತಮ್ಮಂದಿರು ಸಾಹೇಬರನ್ನು ಮುಂದಿಟ್ಟುಕೊಂಡು, ಗಾಲಿ ಮಾಡಿದವನನ್ನು ಠಾಣೆಗೆ ಎಳೆಯುತ್ತೇವೆಂದು ಸುರಪುರಕ್ಕೆ ಬಂದರು. ಭೀಮಶ್ಯಾ ಲಾಯದ ಮೂಲೆಯಲ್ಲಿ ನಿಂತಿದ್ದ. ಸಾಹೇಬರು, "ಯಾರು ಮಾಡಿದ್ದು?" ಎಂದು ಕೇಳುವಷ್ಟರಲ್ಲಿ ಉಸ್ತಾದರು ಎದ್ದರು.

"ನಾ ಮಾಡೀನ್ರಿ. ಇಂವ ಬರೇ ಹಿಡಕೊಂಡು ನಿಂತಿದ್ದ."

"ಹಾಗಾದರೆ ಅವತ್ತು ನಮಗೆ ತೋರಿಸಿದ್ದು ಮೋಸವೇ?"

"ಹೌದ್ರಿ."

ಮುದನಾಳದವರು ಅವರ ಅಂಗಿ ಹಿಡಿದು ಎಳೆದಾಡಿದರು. ಅವರ ವಯಸ್ಸು ನೋಡಿಯೋ ಏನೋ ಹೊಡೆಯಲಿಲ್ಲ. ಅದೇ ವಾರ ಲಾಯಕ್ಕೆ ಬೀಗ ಬಿತ್ತು. ಉಸ್ತಾದರು ತಮ್ಮ ಹತ್ಯಾರಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಊರು ಬಿಟ್ಟರು. ಯಾದಗಿರಿಯಲ್ಲಿ ಸ್ಟೇಷನ್ನಿನ ಹಿಂದೆ ಪೆಟ್ಟಿಗೆ, ತೊಟ್ಟಿಲು ಮಾಡುತ್ತ ಉಳಿದರಂತೆ. ಗಾಲಿ ಮತ್ತೆ ಮುಟ್ಟಲಿಲ್ಲವಂತೆ. ಈ ಎರಡೂ ಬರೀ ಕೇಳಿದ ಮಾತು.

ಊರಲ್ಲಿ ಹುಟ್ಟಿದ ಮಾತು ಇನ್ನೊಂದು. ತರಗತಿ ಕೆಡಿಸಿದರೆ ಒಳಗೆ ತೆಗೆದುಕೊಳ್ಳುತ್ತೇವೆಂದು ಕುಲದವರು ಹೇಳಿದ್ದರು, ಅದಕ್ಕೇ ಹಸಿ ಕಟ್ಟಿಗೆ ಎಂದು ಗೊತ್ತಿದ್ದೂ ಉಸ್ತಾದ ಸುಮ್ಮನಿದ್ದ ಎಂದು. "ಬಡಿಗಗ ಹಸಿ ಒಣ ತಿಳಿಯೂದಿಲ್ಲೇನ್ರಿ ಮಾಸ್ತರ?" ಎಂದು ಪೇಟೆಯಲ್ಲಿ ನನ್ನನ್ನೇ ಕೇಳುತ್ತಿದ್ದರು. ಗುಂಬಕ್ಕೆ ಹಚ್ಚಿದ ಆ ಕೆನ್ನೆ ನೆನಪಿಗೆ ಬರುತ್ತಿತ್ತು. ಬಹಳ ವರ್ಷ ನಾನೂ ಆ ಮಾತನ್ನು ಅರ್ಧ ನಂಬಿದ್ದೆ.

ಭೀಮಶ್ಯಾ ಹೊಳೆಗೆ ತಿರುಗಿ ಹೋದ. ಹುಟ್ಟು ಹಾಕಲಾರದವನು ದಂಡೆಯಲ್ಲಿ ಜನರನ್ನು ಹತ್ತಿಸಿ ಇಳಿಸುತ್ತಿದ್ದ. ಒಮ್ಮೆ ದಾಟಲು ಹೋದಾಗ ಸಿಕ್ಕ. ಉಸ್ತಾದರು ಅವನನ್ನು ಉಳಿಸಿದರು ಎಂದು ನಾನೇನೋ ಸಮಾಧಾನ ಹೇಳಹೋದೆ.

"ಉಳಿಸ್ಯಾರ್ರಿ, ಇಲ್ಲಂತ ಎಲ್ಲಿ ಅಂದೆ" ಎಂದ. ಒಬ್ಬರ ಗಂಟನ್ನು ಹರಗೋಲಿನೊಳಗೆ ಇಟ್ಟು, "ಆದ್ರ ಆ ಗಾಲಿ ನಾ ಮಾಡಿದ್ದರಿ, ಮಾಸ್ತರ. ಕೆಟ್ಟರೂ ನಂದ. ಅವ್ರು ಅದನ್ನೂ ತಮ್ಮದು ಅಂದ್ರು" ಎಂದ. ಮಾವನ ಮನೆಯ ಸುದ್ದಿ ನಾನು ಕೇಳಲಿಲ್ಲ.

ಚಹಾದಂಗಡಿಯಲ್ಲಿ ಸಾವಿನ ಸುದ್ದಿ ಕೇಳಿದ ಮೇಲೆ ಶಹಾಪುರದ ಕಡೆ ಬೇರೆ ಕೆಲಸವಿತ್ತು. ಹೋದವನು ವನದುರ್ಗಕ್ಕೂ ಹೋದೆ. ಅಣ್ಣ ಇನ್ನೂ ಇದ್ದ. ಕಟ್ಟೆಯ ಮೇಲೆ ಕೂತಿದ್ದ. ಆಯ ಗೀಯ ಎಲ್ಲ ಹೋಗಿ ಬಹಳ ದಿನವಾಗಿತ್ತು. ಮಕ್ಕಳು ಬೇರೆ ಬೇರೆ ಕೆಲಸ ಹಿಡಿದಿದ್ದರು. ಉಸ್ತಾದರನ್ನು ಮತ್ತೆ ಒಳಗೆ ತೆಗೆದುಕೊಂಡಿದ್ದರೇ ಎಂದು ಕೇಳಿದೆ.

"ಇಲ್ಲ. ಅಂವ ಕೇಳ್ಲಿಲ್ಲ, ನಾವ ಕರೀಲಿಲ್ಲ."

"ತರಗತಿ ಕೆಡಿಸು ಅಂತ ನೀವೇನಾದರೂ ಹೇಳಿ ಕಳಿಸಿದ್ದಿರೇನು?"

ಮುದುಕ ನನ್ನನ್ನು ದಿಟ್ಟಿಸಿ ನೋಡಿದ. "ಹೇಳಿ ಕಳಸಾಕ ಅಂವ ನಮ್ಮ ಮಾತ ಯಾವತ್ತ ಕೇಳ್ಯಾನ?" ಎಂದ. ಆಮೇಲೆ ನಾನು ಕೇಳದೆಯೇ, ಮಾತು ಮುಂದುವರಿಸಿದ. "ಹೊರಗ ಹಾಕಿದ ಮ್ಯಾಲ ಒಮ್ಮೆ ಬಂದಿದ್ದ. ಅಂಗಳದಾಗ ನಿಂತ. ಅಣ್ಣ, ಒಂದ ಗಾಲಿಗಿ ಆಗೂವಷ್ಟು ಒಣ ಜಾಲಿ ಕೊಡು, ನಮ್ಮ ಹುಡುಗ ತಂದಿದ್ದು ಹಸೀ ಅದ ಅಂದ. ಇಲ್ಲ ಅಂದೆ."

ಒಬ್ಬನ ಮಾತಿನ ಮೇಲೆ ನಾನು ಏನನ್ನೂ ಬರೆಯುವುದಿಲ್ಲ. ಅದರಲ್ಲೂ ವಯಸ್ಸಾದವರು ತಮಗೆ ಬೇಕಾದ ಪಶ್ಚಾತ್ತಾಪವನ್ನು ತಾವೇ ಹೊಲಿದುಕೊಳ್ಳುತ್ತಾರೆ. ಅವನು ಒಳಗೆ ಹೋಗಿ ಮಲಗಿದ ಮೇಲೆ ಅವನ ಹೆಂಡತಿ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಕೆಗೆ ಕಟ್ಟಿಗೆಯ ಮಾತು ಎತ್ತದೆ, ಮೈದುನ ಯಾವತ್ತಾದರೂ ಈ ಮನೆಗೆ ತಿರುಗಿ ಬಂದಿದ್ದನೇ ಎಂದಷ್ಟೇ ಕೇಳಿದೆ.

"ಒಮ್ಮೆ ಬಂದಿದ್ದ್ರಿ. ಒಣ ಜಾಲಿ ಬೇಡಾಕ."

"ಯಾವಾಗ?"

"ಯಾರೋ ಸಾಹೇಬ ಗಾಲಿ ನೋಡಾಕ ಬರಾಕತ್ತಾನ, ಅಷ್ಟರಾಗ ಬೇಕು ಅಂದ. ಜ್ವಾಳ ಇನ್ನೂ ಕಣಕ್ಕ ಬಂದಿರಲಿಲ್ಲ. ನೀರ ಕೊಡಾಕ ಹೋದ್ರ ಇವ್ರು ಗದರಿಸಿದ್ರು."

"ಜಾಲಿ ಇರಲಿಲ್ಲವೇ?"

ಆಕೆ ಮೊರ ಕೆಳಗಿಟ್ಟಳು. "ಅಟ್ಟದ ತುಂಬ ಇತ್ರಿ."